ಉಣ್ಣೆಯ ಅಸ್ತರು

ದರ್ಜಿ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿದರೆ ಸಾಕು, ಒಳಗೆ ಕೂತು ಗುಂಡಿ ಹೊಲಿಯುತ್ತಿದ್ದ ಹೆಂಡತಿಯ ಸೂಜಿ ನಿಂತುಬಿಡುತ್ತಿತ್ತು. ಬೀಡಿ ಸೇದುವ ಗಂಡನಾಗಿದ್ದರೆ ನಾಲ್ಕು ಮಾತು ಅಂದು ಸುಮ್ಮನಾಗಬಹುದಿತ್ತು. ಇವನು ಸೇದುವವನಲ್ಲ. ಗಿರಾಕಿ ತಂದ ಬಟ್ಟೆಯ ಅಂಚಿನಿಂದ ಒಂದು ಎಳೆ ಕಿತ್ತು, ಸುಟ್ಟು, ಮೂಗಿನ ಹತ್ತಿರ ಹಿಡಿಯುತ್ತಿದ್ದ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ಅಗಸೆನಾರಿನ ಲಿನನ್. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಇದು ದರ್ಜಿಗಳೆಲ್ಲ ಮಾಡುವ ಪರೀಕ್ಷೆಯೇ, ಹೊಸದೇನಲ್ಲ. ಹೊಸದೆಂದರೆ, ಒಂದೇ ಉಡುಪಿನಲ್ಲಿ ಉಣ್ಣೆಯೂ ಲಿನನ್ನೂ ಕೂಡಿದ್ದು ಕಂಡರೆ ಅವನು ಅದನ್ನು ಅಚ್ಚುಕಟ್ಟಾಗಿ ಮಡಚಿ ಗಿರಾಕಿಯ ಕೈಗೇ ವಾಪಸು ಕೊಡುತ್ತಿದ್ದ.

"ಇದನ್ನ ನಾನು ಹೊಲಿಯೋಕಾಗಲ್ಲ. ಎರಡೂ ಸೇರಿದೆ."

"ಸೇರಿದ್ರೇನಂತೆ?"

"ಸೇರಬಾರದು ಅಂತ ಬರೆದಿದೆ."

"ಎಲ್ಲಿ, ಗಿರಣಿಯವರ ಚೀಟಿ ಮೇಲಾ?"

"ಬೈಬಲಿನಲ್ಲಿ," ಎನ್ನುತ್ತಿದ್ದ ದರ್ಜಿ, ಸ್ವಲ್ಪವೂ ನಗದೆ.

ಗಿರಾಕಿಗಳು ಒಳಬಾಗಿಲ ಕಡೆ ಇಣುಕಿ ಹೆಂಡತಿಯನ್ನು ನೋಡುತ್ತಿದ್ದರು. ಬೀದಿಗೆಲ್ಲ ಗುಂಡಿ ಹೊಲಿದು ಕಾಜಾ ಮಾಡಿಕೊಡುತ್ತಿದ್ದ ಆಕೆಗೆ ಗುಂಡಿಯಮ್ಮ ಎಂದೇ ಹೆಸರು. ಮೂವತ್ತು ವರ್ಷದಿಂದ ಗಂಡ ಎಲ್ಲಿ ಬಿಗಿ ಹಿಡಿದರೂ ಅಲ್ಲಿ ಸಡಿಲ ಬಿಡುತ್ತ ಬಂದವಳು. ಆದರೆ ಈ ವಿಷಯದಲ್ಲಿ ಅವಳೂ ಕಣ್ಣು ತಗ್ಗಿಸಿಬಿಡುತ್ತಿದ್ದಳು.

ಇದೆಲ್ಲ ಶುರುವಾದದ್ದು ಹಿಂದಿನ ವರ್ಷ, ಮಿಷನ್ ತುಳಿಯುತ್ತಿದ್ದಾಗಲೇ ದರ್ಜಿಯ ಎದೆ ಕೈಕೊಟ್ಟ ದಿನ. ಆಸ್ಪತ್ರೆಯಿಂದ ಬರುವಾಗ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಉಪ್ಪು ಇಷ್ಟು, ನಡಿಗೆ ಇಷ್ಟು, ಮಾತ್ರೆ ಇಂಥ ಹೊತ್ತಿಗೆ. ಅವನು ಅದನ್ನು ಅಕ್ಷರ ತಪ್ಪದೆ ಪಾಲಿಸಿದ. ಆರು ತಿಂಗಳಿಗೆ ಡಾಕ್ಟರು ಬೆನ್ನು ತಟ್ಟಿ, ನಿಮ್ಮಂಥ ರೋಗಿ ಸಿಗುವುದು ಅಪರೂಪ ಎಂದರು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮನುಷ್ಯನಿಗೆ ಒಂದು ಕಡೆ ಗೆದ್ದ ಉಪಾಯವನ್ನು ಎಲ್ಲ ಕಡೆಯೂ ಹೂಡಿ ನೋಡುವ ಚಟ.

"ಮೈಗೆ ಒಂದು ಚೀಟಿ ಇರೋ ಹಾಗೆ ಆತ್ಮಕ್ಕೂ ಒಂದು ಚೀಟಿ ಇದೆ ಕಣೇ," ಎನ್ನತೊಡಗಿದ. "ಇಷ್ಟು ವರ್ಷ ನಮಗೆ ಯಾರೂ ಓದಿ ಹೇಳಲಿಲ್ಲ ಅಷ್ಟೆ."

ಓದಿ ಹೇಳಿದವರು ಮೂರು ಬೀದಿ ಆಚೆಗಿದ್ದ ನಿವೃತ್ತ ಸರ್ವೇಯರ್. ಜೀವಮಾನವಿಡೀ ಹೊಲಗಳಲ್ಲಿ ಗಡಿಕಲ್ಲು ಹುಡುಕಿದವರು, ಈಗ ಧರ್ಮಶಾಸ್ತ್ರದಲ್ಲೂ ಅದನ್ನೇ ಹುಡುಕುತ್ತಿದ್ದರು. ಬುಧವಾರ ಸಂಜೆ ಅವರ ಮನೆಯಲ್ಲಿ ಏಳೆಂಟು ಜನ ಕೂಡುತ್ತಿದ್ದರು. ಮೋಶೆಯ ಆಜ್ಞೆಗಳು ಆರುನೂರ ಹದಿಮೂರು, ಯೇಸು ಅವನ್ನು ಅಳಿಸಲು ಬರಲಿಲ್ಲ, ನಂಬಿದವನು ಅವನ್ನು ಪಾಲಿಸಿಯೇ ರಕ್ಷಣೆಯ ದಾರಿಯಲ್ಲಿ ಉಳಿಯಬೇಕು ಎನ್ನುವುದು ಅವರ ವಾದ. "ಶಿಲುಬೆ ಬಾಗಿಲು ತೆರೆದುಕೊಟ್ಟಿದೆ, ನಿಜ. ಒಳಗೆ ಹೋದ ಮೇಲೆ ಮನೆಯ ಕಟ್ಟಳೆ ಬೇಡವೇ?" ಎಂದು ಕೇಳುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ದರ್ಜಿ ಆಸ್ಪತ್ರೆಯಲ್ಲಿದ್ದಾಗ ಒಂದು ದಿನವೂ ತಪ್ಪಿಸದೆ ಬಂದು ಪಕ್ಕದಲ್ಲಿ ಕೂತವರು ಅವರೊಬ್ಬರೇ.

ಮೊದಲು ಹೋದದ್ದು ಅಡುಗೆಮನೆಯಿಂದ ಹಂದಿಮಾಂಸ. ಆಮೇಲೆ ಸಿಗಡಿ, ಏಕೆಂದರೆ ಈಜುರೆಕ್ಕೆ, ಮೈಮೇಲೆ ಪೊರೆ ಇಲ್ಲದ ಜಲಚರ ತಿನ್ನಬಾರದೆಂದು ಆಜ್ಞೆ. ಗುಂಡಿಯಮ್ಮ ಏನೂ ಅನ್ನಲಿಲ್ಲ. ಮನುಷ್ಯ ಬದುಕಿ ಮನೆಗೆ ಬಂದಿದ್ದಾನೆ, ಸಿಗಡಿ ಹೋದರೆ ಹೋಗಲಿ. ಮೂರನೆಯದಾಗಿ ಶನಿವಾರ ಹೋಯಿತು, ಅದು ಯಾವ ಕೆಲಸವನ್ನೂ, ಕೊಡುಕೊಳ್ಳುವುದನ್ನೂ ಮಾಡಬಾರದ ಸಬ್ಬತ್ ದಿನ. ಶುಕ್ರವಾರ ಸೂರ್ಯ ಮುಳುಗುತ್ತಲೇ ಮಿಷನ್ನಿಗೆ ಹೊದಿಕೆ, ಒಲೆಗೆ ರಜೆ. ಶನಿವಾರ ಸೂರ್ಯ ಮುಳುಗುವ ತನಕ ಹಿಂದಿನ ದಿನದ ತಣ್ಣನೆಯ ಬ್ರೆಡ್ಡು, ಬೇಯಿಸಿಟ್ಟ ಆಲೂಗಡ್ಡೆ. ಭಾನುವಾರ ಎಲ್ಲರಂತೆ ಚರ್ಚು. ವಾರಕ್ಕೆ ಎರಡು ದಿನ ಅಂಗಡಿ ಮುಚ್ಚಿದರೆ ಗಿರಾಕಿಗಳು ಎಲ್ಲಿಗೆ ಹೋಗುತ್ತಾರೆಂದು ಹೇಳಬೇಕಾಗಿಲ್ಲ, ಮುಂದಿನ ತಿರುವಿನಲ್ಲೇ ಇನ್ನೊಬ್ಬ ದರ್ಜಿ ಇದ್ದ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳು ಸುಮ್ಮನಿರುವ ಪೈಕಿ ಅಲ್ಲ.

"ಅಪ್ಪ, ಈ ಶನಿವಾರ ನಂಗೆ ಡ್ಯೂಟಿ ಇದೆ."

"ಬದಲಾಯಿಸ್ಕೋ."

"ಮುಂದಿನ ಶನಿವಾರವೂ ಇದೆ. ರೋಗಿಗಳಿಗೆ ಹೇಳಿಬಿಡ್ಲಾ, ಶುಕ್ರವಾರ ಸಾಯಂಕಾಲದೊಳಗೆ ಗುಣ ಆಗಿಬಿಡಿ ಅಂತ?"

"ರೋಗಿ ಸೇವೆಗೆ ರಿಯಾಯಿತಿ ಇದೆ," ಎಂದ ದರ್ಜಿ, ಸ್ವಲ್ಪ ಯೋಚಿಸಿ. "ಆದ್ರೆ ಅಲ್ಲಿ ಕ್ಯಾಂಟೀನಿನಲ್ಲಿ ಏನೂ ಕೊಂಡು ತಿನ್ನಬೇಡ."

"ಉಪವಾಸ ಇದ್ದು ನಾನೇ ಬಿದ್ರೆ? ಆಗ ನಂಗೂ ರಿಯಾಯಿತಿ ಸಿಗತ್ತಲ್ವಾ?"

ಇದನ್ನು ಕೇಳಿ ಮೂಲೆಯ ಮಂಚದಿಂದ ಮುದುಕಿ ನಕ್ಕಳು. ದರ್ಜಿಯ ತಾಯಿ ಆಕೆ, ಎಂಬತ್ತೆರಡು ವರ್ಷ. ಗುಂಡಿಯಮ್ಮನಿಗೂ ಅತ್ತೆಗೂ ಮೊದಲ ಐದು ವರ್ಷ ಎಣ್ಣೆ ಸೀಗೆಕಾಯಿ. ಆಮೇಲೆ ಯಾವಾಗಲೋ, ಯಾಕೆಂದು ಇಬ್ಬರಿಗೂ ನೆನಪಿಲ್ಲ, ಜಗಳ ಸಾಕಾಗಿ ಗೆಳತಿಯರಾದರು. ಮುದುಕಿಗೆ ಸಾವೆಂದರೆ ಒಂದು ಪ್ರಯಾಣದಂತೆ. "ನಂದು ಟಿಕೆಟ್ ಆಗಿದೆ, ಬಸ್ಸು ಬರೋದೊಂದು ಬಾಕಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಬೆಳಿಗ್ಗೆ ಎದ್ದು ಇನ್ನೂ ಇಲ್ಲೇ ಇದ್ದೇನೆಂದು ಗೊತ್ತಾದರೆ, ಸರಿ ಹಾಗಾದ್ರೆ ಕಾಫಿ ಕೊಡು, ಎನ್ನುವಳು.

ಆ ತಿಂಗಳಲ್ಲೇ ಪಾದ್ರಿಗಳು ತಮ್ಮ ಉದ್ದನೆಯ ಕಪ್ಪು ಅಂಗಿ ತಂದರು. ಹಿಂದಿನ ಪಾದ್ರಿ ಆರಡಿ ಇದ್ದವರು, ಇವರು ಐದೂಕಾಲು, ಅಂಗಿ ನೆಲ ಗುಡಿಸುತ್ತಿತ್ತು. ಒಂದು ಗೇಣು ಮೇಲೆ ಮಡಚಿ ಹೊಲಿದುಕೊಟ್ಟರೆ ಸಾಕಿತ್ತು. ದರ್ಜಿ ಕಾಲರಿನ ಹೊಲಿಗೆ ಒಂದಿಷ್ಟು ಬಿಚ್ಚಿ, ಒಳಗಿನ ಗಟ್ಟಿಬಟ್ಟೆಯಿಂದ ಎಳೆ ಕಿತ್ತು, ಕಡ್ಡಿ ಗೀರಿದ. ಅಂಗಿ ಉಣ್ಣೆ, ಕಾಲರಿನ ಒಳಗೆ ಲಿನನ್.

"ನಾನು ಮೂರು ವರ್ಷದಿಂದ ಇದನ್ನೇ ಹಾಕ್ಕೊಂಡು ಪ್ರಸಂಗ ಮಾಡ್ತಿದ್ದೀನಿ," ಎಂದರು ಪಾದ್ರಿಗಳು.

"ಅದಕ್ಕೇ ಹೇಳ್ತಿದ್ದೀನಿ," ಎಂದ ದರ್ಜಿ.

ಪಾದ್ರಿಗಳು ನಗಬೇಕೋ ಬೇಡವೋ ತಿಳಿಯದೆ ನಿಂತರು. ನೋಡಿ, ನಾವು ರಕ್ಷಣೆ ಹೊಂದೋದು ಕೃಪೆಯಿಂದ, ಬಟ್ಟೆಯಿಂದ ಅಲ್ಲ, ಎಂದು ಶುರು ಮಾಡಿದರು. ದರ್ಜಿ ಹೌದು ಹೌದು ಎಂದು ತಲೆಯಾಡಿಸುತ್ತಲೇ ಅಂಗಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಅವರು ಹಿತ್ತಿಲ ಬಾಗಿಲಿಗೆ ಬಂದು ಅದನ್ನು ಗುಂಡಿಯಮ್ಮನ ಕೈಗಿತ್ತರು. ಅವಳು ಅಡುಗೆಮನೆಯಲ್ಲಿ ಕೂತು, ಈರುಳ್ಳಿ ಬುಟ್ಟಿಯ ಪಕ್ಕದಲ್ಲೇ, ಕೈಯಲ್ಲೇ ಅಂಚು ಹೊಲಿದಳು. ಗಂಡನಿಗೆ ಗೊತ್ತಾಯಿತೋ ಇಲ್ಲವೋ, ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇಷ್ಟರ ಮಟ್ಟಿಗೆ ಮನೆ ನಡೆದುಕೊಂಡು ಹೋಗುತ್ತಿತ್ತು.

ಕೆಟ್ಟದ್ದು ಎಲ್ಲಿ ಎಂದರೆ, ಊಟದ ಹೊತ್ತಿಗೆ ಓದುವ ಅಭ್ಯಾಸ. ಸರ್ವೇಯರ್ ಬರೆದುಕೊಟ್ಟ ಪಟ್ಟಿಯಿಂದ ದಿನಕ್ಕೆ ಐದು ಆಜ್ಞೆಯಂತೆ ದರ್ಜಿ ಗಟ್ಟಿಯಾಗಿ ಓದುತ್ತಿದ್ದ. ಮಗಳು ತಟ್ಟೆ ಎತ್ತಿಕೊಂಡು ಎದ್ದುಹೋಗುತ್ತಿದ್ದಳು. ಗುಂಡಿಯಮ್ಮ ಬಡಿಸುವ ನೆಪದಲ್ಲಿ ಒಳಗೆ ಹೊರಗೆ ಓಡಾಡುತ್ತಿದ್ದಳು. ಎದ್ದುಹೋಗಲಾಗದೆ ಕೂತು ಕೇಳುತ್ತಿದ್ದವಳು ಮಂಚದ ಮೇಲಿನ ಮುದುಕಿ ಒಬ್ಬಳೇ. ಅವಳು ಕೇಳುತ್ತಿದ್ದಾಳೆ, ಮನಸ್ಸಿಗೆ ಹಚ್ಚಿಕೊಳ್ಳುತ್ತಿದ್ದಾಳೆ ಎಂದು ಗುಂಡಿಯಮ್ಮನಿಗೆ ಹೊಳೆಯಲಿಲ್ಲ. ಈ ತಪ್ಪನ್ನು ಅವಳು ತನ್ನದೆಂದೇ ಒಪ್ಪಿಕೊಂಡಳು, ಆದರೆ ಅದು ಆಮೇಲೆ.

ಚಳಿ ಶುರುವಾದ ವಾರ ಮುದುಕಿ ಮಗನನ್ನು ಕರೆದಳು.

"ನನ್ನ ಗೌನು ತೆಗಿಯೋ. ಒಂದ್ಸಲ ನೋಡ್ಬೇಕು."

ಅದು ಆಕೆಯ ಮದುವೆಯ ಗೌನು. ಮಣ್ಣಿಗಿಡುವಾಗ ಅದನ್ನೇ ಉಡಿಸಬೇಕೆಂದು ಆಕೆ ಹತ್ತು ವರ್ಷದ ಹಿಂದೆಯೇ ಹೇಳಿಟ್ಟಿದ್ದಳು. ಬಿಳಿಯ ಲಿನನ್, ಈಗ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಹೊಲಿದವನು ಆಕೆಯ ಗಂಡ, ಅಂದರೆ ದರ್ಜಿಯ ಅಪ್ಪ. ಆಗಿನ್ನೂ ಆಕೆಯ ವರನಾಗಿದ್ದ, ಇದೇ ಅಂಗಡಿಯಲ್ಲಿ, ಇದೇ ಕಿಟಕಿಯ ಬೆಳಕಿನಲ್ಲಿ ಹೊಲಿದದ್ದು.

"ಈಗ ಇದರೊಳಗೆ ನನ್ನಂಥವರು ಇಬ್ಬರು ಹಿಡಿಸ್ತಾರೆ," ಎಂದಳು ಮುದುಕಿ. "ಎರಡೂ ಕಡೆ ಸ್ವಲ್ಪ ಹಿಡಿದು ಕೊಡು. ಜೋಲಾಡ್ಕೊಂಡು ಹೋಗೋಕೆ ನಂಗೆ ನಾಚ್ಕೆ."

ದರ್ಜಿ ಅಳತೆ ತೆಗೆದುಕೊಂಡ. ತಾಯಿಯ ಸೊಂಟಕ್ಕೆ ಟೇಪು ಸುತ್ತುವಾಗ ಅವನ ಮುಖ ಮೆತ್ತಗಾದದ್ದನ್ನು ಗುಂಡಿಯಮ್ಮ ನೋಡಿದಳು. ಅವನು ಗೌನನ್ನು ಮೇಜಿನ ಮೇಲೆ ಹರಡಿ ಬಗಲಿನ ಹೊಲಿಗೆ ಬಿಚ್ಚಿದ. ಒಳಗೆ ಅಸ್ತರು ಇತ್ತು. ಬೆನ್ನಿಗೂ ಎದೆಗೂ ದಪ್ಪನೆಯ ಬೂದು ಬಟ್ಟೆ. ಅವನು ಬೆರಳಿನಿಂದ ಉಜ್ಜಿ ನೋಡಿದ. ಆಮೇಲೆ ಕಡ್ಡಿಪೆಟ್ಟಿಗೆಗೆ ಕೈ ಹಾಕಿದ.

ಕೂದಲು ಸುಟ್ಟ ವಾಸನೆ ಅಡುಗೆಮನೆಯ ತನಕ ಬಂತು.

ಗುಂಡಿಯಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. "ಅದನ್ನ ಹಾಗೇ ಬಿಡ್ರೀ. ಬಗಲು ಹಿಡಿದು ಕೊಟ್ಬಿಡಿ ಅಷ್ಟೆ."

"ಹೇಗೆ ಬಿಡೋದು? ಇದನ್ನ ಹಾಕ್ಕೊಂಡೇ ಅಮ್ಮ ದೇವರ ಮುಂದೆ ನಿಲ್ಲೋದು."

"ಆತ ಹೊಲಿಗೆ ಬಿಚ್ಚಿ ನೋಡ್ತಾನಾ?"

"ಆತ ಎಲ್ಲಾ ನೋಡ್ತಾನೆ," ಎಂದ. ತಾಯಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಅವನು ನಂಬಿದ್ದ. ಆ ನಂಬಿಕೆಯನ್ನು ಕಂಡು ಗುಂಡಿಯಮ್ಮ ಅಡುಗೆಮನೆಗೆ ತಿರುಗಿದಳು.

ಅಸ್ತರು ಬಿಚ್ಚಲು ಎರಡು ಮಧ್ಯಾಹ್ನ ಹಿಡಿಯಿತು. ಅಪ್ಪನ ಹೊಲಿಗೆ ಅಷ್ಟು ಒತ್ತಾಗಿತ್ತು. ಮಿಷನ್ನಿನದ್ದಲ್ಲ, ಇಡೀ ಅಸ್ತರು ಕೈಹೊಲಿಗೆ, ಅಕ್ಕಿಕಾಳಿಗಿಂತ ಸಣ್ಣದು. ಬೆನ್ನಿನ ಮೇಲ್ಭಾಗದಲ್ಲಿ ಬೂದು ಬಟ್ಟೆ ಎರಡು ಪದರವಿತ್ತು. ಬಿಚ್ಚಿ ಮುಗಿಸಿ, ಬಗಲು ಹಿಡಿದು, ಇಸ್ತ್ರಿ ಮಾಡಿ ತಾಯಿಯ ಮಂಚದ ಮೇಲೆ ತಂದಿಟ್ಟ. ಮುದುಕಿ ಅದನ್ನು ಎತ್ತಿ ನೋಡಿದಳು. ತೆಳ್ಳಗೆ, ಕಿಟಕಿಯ ಪರದೆಯ ಹಾಗೆ, ಆಚೆಯ ಬೆಳಕು ಕಾಣುತ್ತಿತ್ತು.

"ಒಳಗಿಂದು ಎಲ್ಲಿ?"

"ತೆಗೆದೆ ಅಮ್ಮ. ಅದು ಉಣ್ಣೆ. ಲಿನನ್ ಜೊತೆ ಉಣ್ಣೆ ಸೇರಬಾರದು. ನಿಂಗೆ ಓದಿ ಹೇಳಿದ್ನಲ್ಲ."

ಮುದುಕಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಮದುವೆ ವರ್ಷ ನಂಗೆ ಎದೆ ಕಟ್ಟಿತ್ತು," ಎಂದಳು. "ಚರ್ಚಿನಲ್ಲಿ ಕೊರೆಯೋ ಚಳಿ. ನಿನ್ನಪ್ಪ ತನ್ನ ಕೋಟಿನ ಅಸ್ತರು ಬಿಚ್ಚಿ ಇದಕ್ಕೆ ಹಾಕಿದ್ರು. ಆ ಚಳಿಗಾಲ ಪೂರ್ತಿ ಅಸ್ತರಿಲ್ಲದ ಕೋಟು ಹಾಕ್ಕೊಂಡು ಓಡಾಡಿದ್ರು."

"ಅಪ್ಪನಿಗೆ ಗೊತ್ತಿರಲಿಲ್ಲ ಅಮ್ಮ."

"ಗೊತ್ತಿಲ್ದೆ ಮಾಡಿದ್ರೆ ತಪ್ಪಲ್ವಾ?"

ದರ್ಜಿ ಪ್ರಾಮಾಣಿಕ. ಅದೇ ಅವನ ಕಷ್ಟ. "ಗೊತ್ತಿಲ್ದೆ ಮಾಡಿದ್ದಕ್ಕೂ ಪ್ರಾಯಶ್ಚಿತ್ತ ಹೇಳಿದೆ," ಎಂದ.

"ಒಂದು ತಪ್ಪಿದ್ರೂ ಎಲ್ಲಾ ತಪ್ಪಿದ ಹಾಗಂತೆ. ನೀನೇ ಓದಿದ್ದೆ."

ಅವನು ಗೌನಿನ ಮಡಿಕೆ ಸರಿಮಾಡತೊಡಗಿದ.

"ಹಾಗಾದ್ರೆ ಮದುವೆ ದಿನವೇ ನಾನು ತಪ್ಪು ಉಟ್ಟಿದ್ದೆ," ಎಂದಳು ಮುದುಕಿ. ಗೌನನ್ನು ಬದಿಗಿಟ್ಟು ಕೇಳಿದಳು, "ನಿನ್ನಪ್ಪ ಈಗ ಎಲ್ಲಿದ್ದಾರೋ?"

ಅವತ್ತಿನಿಂದ ಆಕೆಯ ಊಟ ಕಡಿಮೆಯಾಯಿತು. ಮೊದಲು ಅರ್ಧ ಬ್ರೆಡ್ಡು ಬಿಟ್ಟಳು, ಆಮೇಲೆ ಮೊಟ್ಟೆ ಬಿಟ್ಟಳು. ಚಮಚ ಹಿಡಿದು ಹೋದರೆ, "ಇದರಲ್ಲಿ ಏನೇನು ಹಾಕಿದ್ದೀಯ?" ಎಂದು ಕೇಳುವಳು. ಗುಂಡಿಯಮ್ಮ ಕ್ಯಾರೆಟ್ಟು, ಈರುಳ್ಳಿ, ಉಪ್ಪು ಎಂದು ಎಣಿಸಿ ಹೇಳುವಳು. ಮುದುಕಿ ಎರಡು ಚಮಚ ಕುಡಿದು ಮುಖ ತಿರುಗಿಸುವಳು. ಬಸ್ಸು, ಟಿಕೆಟ್ಟು ಒಂದೂ ಬಾಯಿಗೆ ಬರಲಿಲ್ಲ. ಹಗಲಲ್ಲಿ ಕಣ್ಣು ಬಿಟ್ಟುಕೊಂಡು ಬೆರಳು ಮಡಚುತ್ತ ಮಲಗಿರುತ್ತಿದ್ದಳು. ಏನತ್ತೆ ಎಣಿಸ್ತಿದ್ದೀರಿ ಎಂದು ಕೇಳಿದರೆ, "ನೆನಪಾದಷ್ಟು ತಪ್ಪು," ಎಂದಳು.

ಮೊಮ್ಮಗಳು ನಾಡಿ ಹಿಡಿದಳು, ಡಾಕ್ಟರನ್ನು ಕರೆತಂದಳು. ರೋಗವೇನೂ ಇಲ್ಲ, ವಯಸ್ಸು, ತಿನ್ನದಿದ್ದರೆ ಹೆಚ್ಚು ದಿನ ಇರುವುದಿಲ್ಲ ಎಂದು ಡಾಕ್ಟರು ಹೊರಗೆ ನಿಂತು ಮೆಲ್ಲಗೆ ಹೇಳಿದರು.

ಗುಂಡಿಯಮ್ಮ ಪಾದ್ರಿಗಳನ್ನು ಕರೆಸಿದಳು. ಪಾಪ, ಅವರು ಒಳ್ಳೆಯ ಮನುಷ್ಯ. ಮಂಚದ ಪಕ್ಕ ಕೂತು ಹೇಳಬೇಕಾದ್ದನ್ನೆಲ್ಲ ಹೇಳಿದರು. ಧರ್ಮಶಾಸ್ತ್ರ ನಮ್ಮ ತಪ್ಪು ತೋರಿಸುತ್ತದೆ, ರಕ್ಷಿಸುವುದಿಲ್ಲ, ರಕ್ಷಿಸುವುದು ನಂಬಿಕೆ ಎಂದರು. ಪುಟ ತಿರುವಿ ಓದಿದರು, ಪ್ರಾರ್ಥನೆ ಮಾಡಿದರು.

ಮುದುಕಿ ಗೌರವದಿಂದ ಕೇಳಿಸಿಕೊಂಡಳು. "ನೀವು ಓದಿದ್ದು ಸರಿ ಪಾದ್ರಿಗಳೇ. ನನ್ನ ಮಗ ಓದಿದ್ದೂ ಇದೇ ಪುಸ್ತಕದಲ್ಲೇ ಇದೆ. ಇಬ್ಬರೂ ನಂಗಿಂತ ಓದಿದವರು. ನಾನು ಯಾರನ್ನ ನಂಬಲಿ?"

ಪಾದ್ರಿಗಳು ಕಾಫಿ ಕುಡಿಯದೆ ಎದ್ದುಹೋದರು.

ಗುರುವಾರ ಸಾಯಂಕಾಲ ಗುಂಡಿಯಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ದರ್ಜಿ ನೀರು ಕುಡಿಯಲು ಬಂದ. ಅವಳು ತಲೆ ಎತ್ತದೆ ಮಾತು ತೆಗೆದಳು.

"ನಿಮ್ಮಮ್ಮ ಹನ್ನೆರಡು ದಿನದಿಂದ ಸರಿಯಾಗಿ ತಿಂದಿಲ್ಲ."

"ವಯಸ್ಸಾಯ್ತು. ಡಾಕ್ಟರೇ ಹೇಳಿದ್ರಲ್ಲ."

"ಡಾಕ್ಟರಿಗೆ ಗೊತ್ತಿಲ್ಲ, ನಂಗೊತ್ತು. ಅವರು ಹೆದರಿದ್ದಾರೆ."

"ದೇವರ ಭಯ ಒಳ್ಳೇದೇ."

"ಅದು ದೇವರ ಭಯ ಅಲ್ಲ ರೀ, ನಿಮ್ಮ ಭಯ. ಆಸ್ಪತ್ರೆಯಿಂದ ಹೊತ್ಕೊಂಡು ಬಂದ್ರಲ್ಲ, ಅದು. ಒಬ್ಬರಿಗೇ ಭಾರ ಆಯ್ತು ಅಂತ ಮನೆಮಂದಿಗೆಲ್ಲ ಹಂಚಿದ್ರಿ. ನಾನು ಸುಮ್ಮನಿದ್ದೆ, ನಂದೂ ತಪ್ಪೇ. ಬದುಕಿ ಬಂದಿದ್ದಾರೆ, ಏನು ಬೇಕಾದ್ರೂ ಮಾಡ್ಕೊಳ್ಲಿ ಅಂತ ಸುಮ್ಮನಿದ್ದೆ."

ದರ್ಜಿ ಲೋಟ ಕೆಳಗಿಟ್ಟ. "ಬರೆದದ್ದನ್ನ ಓದೋದು ತಪ್ಪಾ?"

"ಓದಿದ್ದು ತಪ್ಪಲ್ಲ. ಎಂಬತ್ತೆರಡು ವರ್ಷದವರ ತಟ್ಟೆ ಮುಂದೆ ಓದಿದ್ದು ತಪ್ಪು. ಅವರಿಗೆ ಇನ್ನು ಯಾವುದನ್ನ ಪಾಲಿಸೋಕೆ ಶಕ್ತಿ ಇದೆ ಹೇಳಿ? ತಪ್ಪಿದ್ದನ್ನ ಎಣಿಸೋದೊಂದೇ ಆಗೋದು. ಅದನ್ನೇ ಎಣಿಸ್ಕೊಂಡು ಮಲಗಿದ್ದಾರೆ." ಅವಳು ಚಾಕು ಕೆಳಗಿಟ್ಟು ಅವನ ಮುಖ ನೋಡಿದಳು. "ನಿಮ್ಮಪ್ಪ ಎಲ್ಲಿದ್ದಾರೆ ಅಂತ ಅವರು ಕೇಳಿದ್ರಲ್ಲ. ಹೋಗಿ ಉತ್ತರ ಹೇಳಿ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಎಲ್ಲಿಗೆಂದು ಅವಳಿಗೆ ಗೊತ್ತಿತ್ತು. ಒಂದು ಗಂಟೆ ಬಿಟ್ಟು ಬಂದು ಊಟಕ್ಕೆ ಕೂತ. ಪಟ್ಟಿ ತೆಗೆಯಲಿಲ್ಲ.

"ಕೇಳಿದ್ರಾ ಸರ್ವೇಯರನ್ನ?"

"ಕೇಳ್ದೆ."

"ಏನಂದ್ರು?"

"ಪುಸ್ತಕ ತಿರುವಿ ನೋಡಿದ್ರು. ಆಮೇಲೆ, ನಂಗೆ ಕೊಟ್ಟಿರೋ ನಕಾಶೇಲಿ ಅದಿಲ್ಲ ಅಂದ್ರು." ತುತ್ತು ಕಲಸುತ್ತ ಕೂತ. "ತಮ್ಮ ಹೆಂಡತೀನೂ ಹೋಗಿ ಆರು ವರ್ಷ ಆಯ್ತು ಅಂದ್ರು. ಆಮೇಲೆ ಟೀ ಮಾಡಿ ಕೊಟ್ರು."

ಶನಿವಾರ ಬೆಳಿಗ್ಗೆ ಚಳಿ ಹೆಚ್ಚಿತ್ತು. ಮಗಳು ಡ್ಯೂಟಿಗೆ ಹೋಗಿದ್ದಳು, ಅಂಗಡಿ ಮುಚ್ಚಿತ್ತು, ಮಿಷನ್ನಿಗೆ ಹೊದಿಕೆ ಬಿದ್ದಿತ್ತು. ಮುದುಕಿ ಎರಡು ಹೊದಿಕೆಯ ಕೆಳಗೂ ನಡುಗುತ್ತಿದ್ದಳು. ಹೊಟ್ಟೆಯಲ್ಲಿ ಏನೂ ಇಲ್ಲದ ಮೈಗೆ ಬಿಸಿ ಎಲ್ಲಿಂದ ಬರಬೇಕು? ಗುಂಡಿಯಮ್ಮ ರೋಗಿಯ ರಿಯಾಯಿತಿಯಲ್ಲಿ ಒಲೆ ಹಚ್ಚಿ ಸೂಪು ಮಾಡಿದ್ದಳು, ಬಟ್ಟಲು ಹಿಡಿದು ಕೂತಿದ್ದಳು. ಒಂದು ಚಮಚವೂ ಇಳಿಯಲಿಲ್ಲ. ಬಟ್ಟಲು ಬದಿಗಿಟ್ಟು, ಅಂಗಡಿಯ ಕಪಾಟಿನಿಂದ ಬಿಚ್ಚಿಟ್ಟಿದ್ದ ಬೂದು ಅಸ್ತರನ್ನು ತಂದು ಅತ್ತೆಯ ಎದೆಯ ಮೇಲೆ ಹರಡಿದಳು. ದರ್ಜಿ ಕಾಲ ಬಳಿ ಕುರ್ಚಿಯಲ್ಲಿ ಕೂತಿದ್ದ.

ಮುದುಕಿಯ ಕೈ ಅದನ್ನು ಮುಟ್ಟಿ ನೋಡಿತು. ಬಟ್ಟೆಯ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಎರಡೇ ಬೆರಳಿನಿಂದ ಅದನ್ನು ಆಚೆಗೆ ತಳ್ಳಿದಳು.

"ತೆಗಿ ಮಗಳೇ. ಇದು ಬೇಡ."

"ಅಮ್ಮ, ಬರೀ ಉಣ್ಣೆ ಆದ್ರೆ ತಪ್ಪೇನಿಲ್ಲ," ಎಂದ ದರ್ಜಿ. "ಲಿನನ್ ಜೊತೆ ಸೇರಿಸಿ ಹೊಲೀಬಾರದು ಅಷ್ಟೆ. ಹೊದ್ಕೋ."

"ನನ್ನ ಈ ಅಂಗಿ ಯಾವುದರದು?"

"ಹತ್ತಿ."

"ಸುಟ್ಟು ನೋಡಿದ್ಯಾ?"

ಅವನು ಹೊದಿಕೆ ಸರಿಸಿ ಅಂಗಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಬೇಡಪ್ಪ," ಎಂದಳು ಮುದುಕಿ. ಹಲ್ಲು ಕಟಕಟ ಅನ್ನುತ್ತಿತ್ತು. "ಇಷ್ಟು ಹತ್ತಿರ ಬಂದು ಎಡವೋದು ಬೇಡ. ಚಳಿ ತಡ್ಕೋತೀನಿ."

ಅಸ್ತರು ಮಂಚದಿಂದ ಜಾರಿ ನೆಲಕ್ಕೆ ಬಿತ್ತು. ದರ್ಜಿ ಅದನ್ನೇ ನೋಡುತ್ತ ಕೂತ. ಅವನ ಅಪ್ಪ ಚಳಿಯಲ್ಲಿ ನಡುಗಿ ಉಳಿಸಿಕೊಟ್ಟ ಬಟ್ಟೆ ಅದು. ತಾಯಿ ಅದನ್ನು ಹಾವು ಮುಟ್ಟಿದವಳಂತೆ ತಳ್ಳಿದ್ದಳು, ತಳ್ಳಲು ಕಲಿಸಿದವನು ತಾನು. ಗುಂಡಿಯಮ್ಮನಿಗೆ ಅವನನ್ನು ನೋಡಿ ಕೋಪ ಬರಲಿಲ್ಲ, ಅಳು ಬಂತು. ಅವನು ಬಗ್ಗಿ ಅದನ್ನು ಎತ್ತಿಕೊಂಡು ಅಂಗಡಿಗೆ ಹೋದ. ಬರುವಾಗ ಒಂದು ಕೈಯಲ್ಲಿ ಗೌನಿತ್ತು, ಇನ್ನೊಂದರಲ್ಲಿ ಸೂಜಿದಾರದ ಡಬ್ಬಿ. ಸ್ಟೂಲನ್ನು ಕಿಟಕಿಯ ಬೆಳಕಿಗೆ ಎಳೆದು, ಮಂಚದ ಪಕ್ಕದಲ್ಲೇ ಕೂತ. ಗೌನನ್ನು ಒಳಮೈ ಮೇಲಾಗಿ ತೊಡೆಯ ಮೇಲೆ ಹರಡಿ, ಅಸ್ತರನ್ನು ಹಳೆಯ ಹೊಲಿಗೆಯ ತೂತುಗಳಿಗೆ ಸರಿಯಾಗಿ ಕೂರಿಸಿದ.

"ಏನೋ ಅದು?" ಎಂದಳು ಮುದುಕಿ.

"ಅಸ್ತರು ಹಾಕ್ತಿದ್ದೀನಿ. ಅಪ್ಪ ಹಾಕಿದ್ರಲ್ಲ, ಹಾಗೇ."

"ಇವತ್ತು ಶನಿವಾರ."

"ಗೊತ್ತು."

"ಹೊಲಿಗೆ ಕೆಲಸ ಅಲ್ವಾ?"

"ಕೆಲಸವೇ."

"ಅದೂ ಲಿನನ್ನಿಗೆ ಉಣ್ಣೆ. ಒಂದೇ ಏಟಿಗೆ ಎರಡು ತಪ್ಪು."

"ಹೌದಮ್ಮ."

"ಹಾಗಾದ್ರೆ ನಿನ್ನ ಗತಿ?"

ದರ್ಜಿ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಯ ಕಣ್ಣಿಗೆ ಹಿಡಿದ. ದಾರ ತಪ್ಪಿತು. ಇನ್ನೊಮ್ಮೆ ಹಿಡಿದ, ಇನ್ನೊಮ್ಮೆ ತಪ್ಪಿತು. "ನಂಗೊತ್ತಿಲ್ಲ," ಎಂದ. "ನೀನು ಬೆಚ್ಚಗಿರ್ಬೇಕು, ನಂಗಷ್ಟೇ ಗೊತ್ತಿರೋದು. ತಪ್ಪಾದ್ರೆ ಅದನ್ನ ನಾನು ಹೊತ್ಕೋತೀನಿ."

ಎರಡು ವಾರದಿಂದ ಪಿಸುಗುಡುತ್ತಿದ್ದ ಮುದುಕಿಯ ದನಿ ಎಲ್ಲಿತ್ತೋ, ಗದರಿಕೊಂಡು ಹೊರಗೆ ಬಂತು. ಅವನು ಹತ್ತು ವರ್ಷದವನಾಗಿದ್ದಾಗ ಗದರುತ್ತಿದ್ದ ದನಿಯೇ ಅದು.

"ನೀನ್ಯಾವನೋ ಹೊರೋಕೆ? ಹೊರೋ ಕೆಲಸ ಒಬ್ಬ ಆಗಲೇ ಶಿಲುಬೆ ಮೇಲೆ ಮಾಡಿ ಮುಗಿಸಿದ್ದಾನೆ. ನೀನು ದಾರ ಪೋಣಿಸು."

ಗುಂಡಿಯಮ್ಮ ಮಂಚದ ಅಂಚಿಗೆ ಬಂದು ಕೂತಳು. ಮೆಲ್ಲಗೆ ಕೇಳಿದಳು.

"ಅತ್ತೆ, ಈಗ ಹೇಳಿದ್ದು ಯಾರಿಗೆ?"

"ಇವನಿಗೆ ಕಣೇ. ಒಂದು ಅಸ್ತರು ಹಾಕಿದ್ದಕ್ಕೆ ನನ್ನ ಮಗನ್ನ ಕೈಬಿಡ್ತಾನಾ ಆತ?"

"ಮಾವನೂ ಹಾಕಿದ್ದು ಇದೇ ಅಸ್ತರೇ ಅಲ್ವಾ?"

ಮುದುಕಿ ಸೊಸೆಯ ಮುಖ ನೋಡಿದಳು.

"ಅವರಿಗೂ ಆಯ್ತು," ಎಂದಳು ತಡೆದು ತಡೆದು.

"ಮತ್ತೆ ಉಟ್ಕೊಂಡವರಿಗೆ?"

ಮುದುಕಿಯ ಕಣ್ಣು ತುಂಬಿ, ಮಲಗಿದ್ದವಳ ಕಿವಿಯ ಕಡೆಗೆ ನೀರು ಇಳಿಯಿತು. ಗುಂಡಿಯಮ್ಮ ಸೆರಗಿನಿಂದ ಅದನ್ನು ಒರೆಸಿದಳು, ಒರೆಸುತ್ತ ತಾನೂ ಅತ್ತಳು. ದರ್ಜಿಗೆ ಇಬ್ಬರ ಕಡೆಗೂ ನೋಡುವ ಧೈರ್ಯವಾಗಲಿಲ್ಲ. ಮೂರನೆಯ ಸಲಕ್ಕೆ ದಾರ ಸೂಜಿಯ ಕಣ್ಣೊಳಗೆ ಹೋಯಿತು. ಅವನು ಬೆನ್ನಿನ ಎರಡು ಪದರದ ಕಡೆಯಿಂದ ಶುರು ಮಾಡಿದ, ತನ್ನ ಕೈಲಾದಷ್ಟು ಸಣ್ಣ ಹೊಲಿಗೆ ಹಾಕುತ್ತ. ಬೀದಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ಹೊಲಿಗೆ ಒಂದು ಗೇಣು ಸಾಗುವ ತನಕ ಕೋಣೆಯಲ್ಲಿ ದಾರ ಎಳೆಯುವ ಸದ್ದೊಂದೇ ಇತ್ತು.

"ಆ ಸೂಪು ಆರಿಹೋಯ್ತಾ?" ಎಂದು ಕೇಳಿದಳು ಮುದುಕಿ.

"ಬಿಸಿ ಮಾಡಿ ತರ್ತೀನಿ ಅತ್ತೆ," ಎಂದು ಗುಂಡಿಯಮ್ಮ ಎದ್ದಳು.

ಮುದುಕಿ ಮಗನ ಕಡೆ ತಿರುಗಿ, ಗೌನಿನ ಮೇಲೆ ಓಡುತ್ತಿದ್ದ ಅವನ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದಳು.

"ಸೊಂಟದ ಹತ್ರ ತೀರಾ ಹಿಡಿದಿದ್ದೀಯ ಕಣೋ," ಎಂದಳು. "ಸ್ವಲ್ಪ ಬಿಚ್ಚಿ ಸಡಿಲ ಬಿಡು. ತಿನ್ನೋಕೆ ಶುರು ಮಾಡಿದ್ರೆ ನಾನು ದಪ್ಪ ಆಗ್ತೀನಿ."